ಐದು ದಿನಗಳ ಸಾಹಸ, ಊರಿಗೆ ಉಳಿಯುವ ಲೆಕ್ಕ

ಬೆಂಗಳೂರಿನಿಂದ ರಾತ್ರಿ ಹೊರಡುವ ಬಸ್ಸು ಬೆಳಗಾಗುವಾಗ ಗೋಕರ್ಣ ಮುಟ್ಟುತ್ತದೆ. ಮೊದಲ ದಿನ ಕುಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್ ಕಡಲತೀರಗಳ ಗುಡ್ಡದಂಚಿನ ನಡಿಗೆ. ಎರಡನೆಯ ದಿನ ಮುರ್ಡೇಶ್ವರದಿಂದ ದೋಣಿಯೇರಿ ನೇತ್ರಾಣಿ ನಡುಗಡ್ಡೆಯ ಸುತ್ತ ಸಮುದ್ರದಾಳದ ಈಜು. ಮೂರನೆಯ ದಿನ ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟವೇರಿ ಜೋಗ, ಶರಾವತಿ ಹಿನ್ನೀರಿನ ದಡದಲ್ಲಿ ಡೇರೆ ವಾಸ. ನಾಲ್ಕನೆಯ ದಿನ ಯಾಣದ ಬಂಡೆಗಳು. ಐದನೆಯ ದಿನ ಗಣೇಶಗುಡಿಯಲ್ಲಿ ಕಾಳಿ ನದಿಯ ಮೇಲೆ ರಾಫ್ಟಿಂಗ್. ಅಂದು ರಾತ್ರಿ ಮತ್ತೆ ಬಸ್ಸು. ‘ಕಡಲಿನಿಂದ ಕಾಡಿಗೆ’ ಎಂಬ ಧಾಟಿಯ ಕರಪತ್ರಗಳಲ್ಲಿ ಮಾರಾಟವಾಗುತ್ತಿರುವ ಸಾಹಸ ಪ್ರವಾಸಗಳ ಸಾಮಾನ್ಯ ದಾರಿ ಇದು. ಸ್ಥಳಗಳ ಕ್ರಮ ಹಿಂದುಮುಂದಾಗಬಹುದು, ಸರಕು ಮಾತ್ರ ಒಂದೇ.

ಈ ಸರಕು ಯಾರದು ಎಂಬ ಪ್ರಶ್ನೆಯನ್ನು ಕರಪತ್ರ ಎತ್ತುವುದಿಲ್ಲ. ಕಡಲು, ನದಿ, ಗುಡ್ಡ, ದೇವರಕಾಡು ಇವುಗಳಲ್ಲಿ ಯಾವುದನ್ನೂ ಪ್ರವಾಸ ನಡೆಸುವ ಸಂಸ್ಥೆ ಬೆಳೆಸಿದ್ದಲ್ಲ, ಕಾಯ್ದದ್ದಲ್ಲ, ಅವುಗಳಿಗಾಗಿ ಒಂದು ದಿನದ ಕೂಲಿ ಕಳೆದುಕೊಂಡದ್ದೂ ಇಲ್ಲ. ಆದರೂ ಅವುಗಳಿಗೆ ಬೆಲೆ ಕಟ್ಟುವ ಅಧಿಕಾರ ಅದಕ್ಕೆ ಬಂದಿದೆ. ಬೆಲೆಯಲ್ಲಿ ಬಸ್ಸಿನ ಬಾಡಿಗೆ ಇದೆ, ಊಟವಿದೆ, ಡೇರೆಯಿದೆ, ಲಾಭವಿದೆ. ಊರು ಹೊರಬೇಕಾದ ಹೊರೆಗೆ ಅಲ್ಲಿ ಒಂದು ಸಾಲೂ ಇಲ್ಲ. ಆ ಸಾಲನ್ನು ಬರೆಯುವ ಕೆಲಸವನ್ನು ಮಲೆನಾಡಿನ ಜನರೇ ಮಾಡಬೇಕಾಗಿದೆ. ಪ್ರವಾಸದ ದಾರಿಯಲ್ಲೇ ಹೆಜ್ಜೆಯಿಟ್ಟು ಲೆಕ್ಕ ಹಾಕುವುದು ಅದಕ್ಕೆ ಸರಿಯಾದ ಮಾರ್ಗ.

ಕಡಲತೀರದ ಮೊದಲೆರಡು ದಿನ

ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಹೊರಬಿದ್ದದ್ದು 1991ರಲ್ಲಿ. ಗ್ರಾಮೀಣ ಕರಾವಳಿಯಲ್ಲಿ ಉಬ್ಬರದ ರೇಖೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಏಳಬಾರದೆಂಬುದು ಅದರ ತಿರುಳಾಗಿತ್ತು. 2019ರ ಜನವರಿಯ ಹೊಸ ಅಧಿಸೂಚನೆ ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಲ್ಲಿ ಈ ಅಂತರವನ್ನು 50 ಮೀಟರಿಗೆ ಇಳಿಸಿತು. ತೀರದ ಮೇಲೆ ಪ್ರವಾಸಿಗರಿಗಾಗಿ ತಾತ್ಕಾಲಿಕ ಗುಡಿಸಲು, ಸ್ನಾನಗೃಹ, ಶೌಚಾಲಯಗಳಿಗೂ ದಾರಿ ತೆರೆಯಿತು. ಒಂದು ಋತುವಿಗೆಂದು ನೆಟ್ಟ ಕಂಬ ಮರುವರ್ಷವೂ ಅಲ್ಲೇ ಇರುತ್ತದೆ. ಮೂರನೆಯ ವರ್ಷ ಅದರ ಬುಡಕ್ಕೆ ಸಿಮೆಂಟು ಬೀಳುತ್ತದೆ. ಬಲೆ ಒಣಗಿಸಲು, ದೋಣಿ ಎಳೆದಿಡಲು ಮೀನುಗಾರನಿಗೆ ಇದ್ದ ಮರಳು ಹೀಗೆ ಮೊಳ ಮೊಳವಾಗಿ ಕೈತಪ್ಪುತ್ತದೆ.

ಹೊನ್ನಾವರದ ಕಾಸರಕೋಡು ಟೊಂಕದ ತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅವು ಬರುವ ಚಳಿಗಾಲವೇ ಪ್ರವಾಸದ ಸುಗ್ಗಿಯೂ ಹೌದು. ಮರಳಿನಿಂದ ಹೊರಬಿದ್ದ ಮರಿ ರಾತ್ರಿಯ ಕಡಲಿನ ಮಂದ ಬೆಳಕನ್ನು ನಂಬಿ ನೀರಿನ ಕಡೆ ತೆವಳುತ್ತದೆ. ದಂಡೆಯ ಮೇಲೆ ವಿದ್ಯುದ್ದೀಪ ಉರಿಯುತ್ತಿದ್ದರೆ ಅದು ದಾರಿ ತಪ್ಪಿ ನೆಲದ ಕಡೆಗೇ ಸಾಗಿ ನಾಯಿ, ಕಾಗೆಗಳ ಪಾಲಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲಿ, ಈ ಆಮೆಯ ಹೆಸರಿದೆ. ಆಮೆಯ ಮೊಟ್ಟೆ ಕದ್ದವನಿಗೆ ಜೈಲು ಕಾದಿದೆ. ದೀಪ ಉರಿಸಿ ಮರಿಗಳ ದಾರಿ ತಪ್ಪಿಸಿದವನಿಗೆ ಏನು ಕಾದಿದೆ?

ಇನ್ನು ಮನುಷ್ಯರ ಜೀವದ ಮಾತು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರು ಬಂದದ್ದು ಶಾಲಾ ಪ್ರವಾಸಕ್ಕೆ. ಸಾವಿನ ಬಳಿಕ ತೀರಕ್ಕೆ ಪ್ರವೇಶ ನಿಷೇಧಿಸಲಾಯಿತು. ರಕ್ಷಣೆಯ ವ್ಯವಸ್ಥೆ ಬಲಪಡಿಸುವ ಮಾತುಗಳು ಕೇಳಿಬಂದವು. ಬಯಲುಸೀಮೆಯ ಮಕ್ಕಳಿಗೆ ಅಲೆಯ ಸೆಳೆತ ತಿಳಿದಿರುವುದಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ. ತಿಳಿಸುವ ಹೊಣೆ ಕರೆತಂದವರದು, ತೀರವನ್ನು ಪ್ರವಾಸಿ ತಾಣವೆಂದು ಹೆಸರಿಸಿ ಆದಾಯ ಪಡೆಯುವವರದು. ಮುಳುಗುತ್ತಿರುವವರನ್ನು ಕಂಡು ಮೊದಲು ನೀರಿಗೆ ಧುಮುಕುವವನು ಎಲ್ಲ ಕಡೆಯೂ ಸ್ಥಳೀಯ ಮೀನುಗಾರನೇ. ಆತನಿಗೆ ವಿಮೆಯಿಲ್ಲ, ಸಂಬಳವಿಲ್ಲ. ಕರಪತ್ರದಲ್ಲಿ ಆತನ ಪ್ರಸ್ತಾಪವೂ ಇಲ್ಲ.

ಗೋಕರ್ಣಕ್ಕೂ ಹೊನ್ನಾವರಕ್ಕೂ ನಡುವೆ ಅಘನಾಶಿನಿಯ ಅಳಿವೆ ಇದೆ. ಅಣೆಕಟ್ಟೆಯಿಲ್ಲದೆ ಕಡಲು ಸೇರುವ ಈ ನದಿಯ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಜೌಗುನೆಲಗಳ ಪಟ್ಟಿಗೆ ಸೇರಿಸಲಾಯಿತು. ಇಲ್ಲಿ ಇಳಿತದ ಹೊತ್ತಿಗೆ ಕೆಸರಿನಲ್ಲಿ ಕುಳಿತು ಬಳಚು ಆರಿಸುವ ಹೆಂಗಸರಿದ್ದಾರೆ. ಗಜನಿಯ ಉಪ್ಪುನೀರಿನಲ್ಲೂ ನಿಲ್ಲುವ ಕಗ್ಗ ಭತ್ತವಿದೆ. ಸಾಣಿಕಟ್ಟೆಯ ಉಪ್ಪಿನ ಆಗರವಿದೆ. ಸಾವಿರಾರು ಕುಟುಂಬಗಳ ಅನ್ನ ಉಬ್ಬರ-ಇಳಿತಗಳ ಲೆಕ್ಕದ ಮೇಲೆ ನಿಂತಿದೆ. ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿಯನ್ನು ಪ್ರವಾಸೋದ್ಯಮ ತನ್ನ ಜಾಹೀರಾತಿಗೆ ಬಳಸಿಕೊಳ್ಳಬಹುದು. ಆದರೆ ಆ ಪಟ್ಟಿಯ ಮೂಲತತ್ತ್ವ ‘ವಿವೇಕಯುತ ಬಳಕೆ’. ಬಳಚು ಆರಿಸುವವರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದು ಅದನ್ನೇ. ಮೋಟಾರು ದೋಣಿಗಳ ಓಟ ಯಾವ ವಿವೇಕದಡಿ ಬರುತ್ತದೆಂಬುದನ್ನು ಹೇಳಬೇಕಾದವರು ಹೇಳಲಿ.

ಹಿನ್ನೀರಿನ ಡೇರೆ, ಕಾಡಿನ ಉಣುಗು

ಮೂರನೆಯ ದಿನದ ಡೇರೆ ಏಳುವ ಹಿನ್ನೀರಿನ ದಡ ಒಂದು ಕಾಲದಲ್ಲಿ ಊರಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಾಗ ಗದ್ದೆ, ತೋಟ, ದೇವಸ್ಥಾನಗಳು ನೀರಿನಡಿ ಸೇರಿದವು. ನಾಡಿಗೆ ಬೆಳಕು ಬಂತು. ಮುಳುಗಡೆಯಾದವರು ಕಾಡಿನ ನಡುವೆ ತಂದು ಬಿಟ್ಟ ಜಾಗಗಳಲ್ಲಿ ಬದುಕು ಕಟ್ಟಿದರು. ಅವರ ಹಕ್ಕುಪತ್ರದ ಪ್ರಶ್ನೆ ಆರು ದಶಕ ಕಳೆದರೂ ಪೂರ್ತಿ ಬಗೆಹರಿದಿಲ್ಲ. ಸಿಗಂದೂರಿನ ಕಡೆಯ ಜನ ಒಂದು ಸೇತುವೆಗಾಗಿ 2025ರ ಜುಲೈವರೆಗೆ ಕಾಯಬೇಕಾಯಿತು. ಅಷ್ಟೂ ವರ್ಷ ಲಾಂಚಿನ ಕೊನೆಯ ಸುತ್ತು ತಪ್ಪಿದ ರೋಗಿಗೆ ಆ ನೀರು ಗೋಡೆಯಾಗಿತ್ತು. ಇಂದು ಅದೇ ನೀರು ‘ಮೌನದ ದ್ವೀಪಗಳ ನಡುವೆ ಒಂದು ರಾತ್ರಿ’ಯಾಗಿ ಬಿಕರಿಯಾಗುತ್ತಿದೆ. ಆ ಮೌನ ಎಲ್ಲಿಂದ ಬಂತೆಂದು ಡೇರೆಯಲ್ಲಿ ಮಲಗಿದವರಿಗೆ ಯಾರೂ ಹೇಳುವುದಿಲ್ಲ.

ಹೇಳದೆ ಉಳಿಯುವ ಇನ್ನೊಂದು ಸಂಗತಿ ಇದಕ್ಕಿಂತ ಅಪಾಯಕಾರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನಕಾಯಿಲೆ ಮಲೆನಾಡನ್ನು ಇನ್ನೂ ಬಿಟ್ಟಿಲ್ಲ. 2019ರಲ್ಲಿ ಜೋಗಕ್ಕೆ ಹತ್ತಿರದ ಅರಳಗೋಡು, 2024ರಲ್ಲಿ ಸಿದ್ದಾಪುರ ತಾಲ್ಲೂಕು ಅದರ ಹೊಡೆತ ತಿಂದವು. ಕಾಡಿನ ನೆಲದ ತರಗೆಲೆಯಲ್ಲಿರುವ ಉಣುಗಿನ ಕಡಿತದಿಂದ ಈ ರೋಗ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ, ಅಂದರೆ ಚಾರಣದ ಸುಗ್ಗಿಯಲ್ಲೇ, ಅದರ ಹಾವಳಿ. ರೋಗ ತಗಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಪರಿಣಾಮ ಸಾಲದೆಂದು ಹಳೆಯ ಲಸಿಕೆಯ ಬಳಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ನಿರ್ದಿಷ್ಟ ಔಷಧಿ ಇಲ್ಲ. ಬೇಗ ಗುರುತಿಸಿ ಆರೈಕೆ ಮಾಡುವುದೊಂದೇ ದಾರಿ.

ಹಳ್ಳಿಯವರಿಗೆ ಇದು ಗೊತ್ತು. ಮಂಗ ಸತ್ತ ಜಾಗಕ್ಕೆ ಅವರು ಹೋಗುವುದಿಲ್ಲ, ದರಕು ತರಲು ಹೋಗುವಾಗ ಮೈಗೆ ಎಣ್ಣೆ ಸವರಿಕೊಳ್ಳುತ್ತಾರೆ, ಜ್ವರ ಬಂದ ದಿನವೇ ಆಸ್ಪತ್ರೆಗೆ ಓಡುತ್ತಾರೆ. ಪ್ರವಾಸಿಗನಿಗೆ ಇದಾವುದೂ ತಿಳಿಯದು. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳ ಬಳಿಕ ಜ್ವರ ಏರುತ್ತದೆ. ಅಷ್ಟು ಹೊತ್ತಿಗೆ ಆತ ನಗರ ಸೇರಿರುತ್ತಾನೆ. ಅಲ್ಲಿಯ ವೈದ್ಯರಿಗೆ ಮೊದಲು ಹೊಳೆಯುವುದು ಡೆಂಗಿ. ಎಲ್ಲಿ ಮಲಗಿದ್ದೆ ಎಂದು ಅವರು ಕೇಳುವುದಿಲ್ಲ, ಆತ ಹೇಳುವುದಿಲ್ಲ. ಸೊಳ್ಳೆ ಕಾಟವಿಲ್ಲದ ಡೇರೆ, ಬೆಂಕಿಯ ಸುತ್ತ ಹಾಡು ಎಂದೆಲ್ಲ ಬರೆಯುವ ಕರಪತ್ರ ಮಂಗನಕಾಯಿಲೆ ಎಂಬ ಒಂದೇ ಒಂದು ಪದವನ್ನು ಬರೆಯಲಾರದೆ? ಬರೆದರೆ ಗಿರಾಕಿ ಕಡಿಮೆಯಾದಾರು ಎಂಬ ಭಯವೇ ಇದಕ್ಕೆ ಕಾರಣವಾದರೆ ಅದಕ್ಕೆ ವ್ಯಾಪಾರವೆಂಬ ಹೆಸರೂ ದೊಡ್ಡದಾಯಿತು.

ದಾರಿ ಮತ್ತು ಗುಡ್ಡ

ನಾಲ್ಕನೆಯ ದಿನದ ಯಾಣ ಈ ದಾರಿಯಲ್ಲಿ ಹಳೆಯ ಹೆಸರು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರಗಳ ಬುಡಕ್ಕೆ ಶಿವರಾತ್ರಿಯಲ್ಲಿ ಜನ ನಡೆದು ಬರುತ್ತಿದ್ದರು. ಯಾತ್ರಿಕನೂ ಹೊರಗಿನವನೇ, ಆತನಿಂದಲೂ ಕಾಡಿಗೆ ಒಂದಿಷ್ಟು ತೊಂದರೆ ಆಗುತ್ತಿತ್ತು. ಆದರೆ ಯಾತ್ರೆಗೆ ತಿಥಿಯಿತ್ತು. ಜಾತ್ರೆ ಮುಗಿದ ಮರುದಿನದಿಂದ ಮುಂದಿನ ವರ್ಷದವರೆಗೆ ಕಾಡು ತನ್ನ ಪಾಡಿಗೆ ತಾನಿರುತ್ತಿತ್ತು. ಸಾಹಸ ಪ್ರವಾಸಕ್ಕೆ ತಿಥಿಯಿಲ್ಲ. ಪ್ರತಿ ವಾರಾಂತ್ಯವೂ ಅದಕ್ಕೆ ಶಿವರಾತ್ರಿ. ಜಲಪಾತ ತುಂಬಿರುತ್ತದೆಂದು ಕಪ್ಪೆ, ಹಕ್ಕಿಗಳ ಸಂತಾನದ ಕಾಲವಾದ ಮಳೆಗಾಲದಲ್ಲೂ ಬಸ್ಸುಗಳು ನಿಲ್ಲುವುದಿಲ್ಲ.

ಅಷ್ಟು ವಾಹನಗಳಿಗೆ ಅಗಲವಾದ ರಸ್ತೆ ಬೇಕು. ರಸ್ತೆ ಅಗಲವಾಗಲು ಗುಡ್ಡ ಕತ್ತರಿಸಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯಲ್ಲಿ ಚಹಾದ ಅಂಗಡಿ ನಡೆಸುತ್ತಿದ್ದ ಕುಟುಂಬವನ್ನು, ನಿಂತಿದ್ದ ಲಾರಿಗಳನ್ನು ಮಣ್ಣು ಗಂಗಾವಳಿಗೆ ನೂಕಿತು. ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ಕೇರಳದ ಲಾರಿಯೊಂದು ಚಾಲಕನ ದೇಹದೊಡನೆ ನದಿಯಾಳದಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಹೆದ್ದಾರಿಯನ್ನು ಪ್ರವಾಸಿಗರಿಗಾಗಿಯೇ ಅಗಲಿಸಿದರೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಸರಕು ಸಾಗಣೆಯ ಒತ್ತಡ ಅದಕ್ಕಿಂತ ದೊಡ್ಡದು. ಆದರೆ ಘಟ್ಟದ ಒಳರಸ್ತೆಗಳನ್ನು ಅಗಲಿಸಬೇಕೆಂಬ ಬೇಡಿಕೆಗೆ ಪ್ರವಾಸೋದ್ಯಮದ ಹೆಸರನ್ನೇ ಮುಂದಿಡಲಾಗುತ್ತಿದೆ. ಶಿರೂರಿನಲ್ಲಿ ಗುಡ್ಡದ ಬುಡ ಕಡಿದಾಗ ಏನಾಯಿತೆಂಬುದನ್ನು ಕಂಡವರು ಆ ಬೇಡಿಕೆಯನ್ನು ಎರಡು ಸಲ ಓದಬೇಕು.

ಕಾಡು ಯಾರಿಗೆ ತೆರೆದಿದೆ?

ಐದನೆಯ ದಿನ ಗಣೇಶಗುಡಿಯಲ್ಲಿ ‘ಕಾಡು ನದಿಯೊಡನೆ ಸೆಣಸಾಟ’ ನಡೆಯುತ್ತದೆ. ನದಿಯ ಆ ರಭಸ ಸೂಪಾ ಅಣೆಕಟ್ಟೆಯ ವಿದ್ಯುದಾಗಾರ ನೀರು ಬಿಟ್ಟಾಗ ಬರುವಂಥದು. ಯಂತ್ರ ನಿಂತರೆ ಸೆಣಸಾಟವೂ ನಿಲ್ಲುತ್ತದೆ. 101 ಮೀಟರ್ ಎತ್ತರದ ಆ ಅಣೆಕಟ್ಟೆ 1987ರಲ್ಲಿ ಮುಗಿದಾಗ ಸೂಪಾ ಊರೇ ಮುಳುಗಿತು. ಅಲ್ಲಿಯ ಜನರನ್ನು ರಾಮನಗರಕ್ಕೆ ಸಾಗಿಸಲಾಯಿತು. ಕೆಳಗೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟೆಗಳು ಅದೇ ನದಿಯನ್ನು ಮತ್ತೆ ಮತ್ತೆ ಕಟ್ಟಿಹಾಕಿವೆ. ಹೀಗೆ ಕಟ್ಟಿದ ನದಿಯನ್ನು ಸ್ವಚ್ಛಂದ ನದಿಯೆಂದು ಮಾರುವುದು ಸುಳ್ಳು. ಆ ಸುಳ್ಳಿನಡಿ ಒಂದು ಊರಿನ ನೆನಪೂ ಹೂತುಹೋಗಿದೆ.

ಇದೇ ಕಾಡನ್ನು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಇಂದು ಅದರ ಹೆಸರು ಕಾಳಿ. ಅಲ್ಲಿ ನೆಲೆಸಿರುವ ಕುಣಬಿ, ಗೌಳಿ ಮುಂತಾದ ಸಮುದಾಯಗಳ ಮನೆಗಳಿಗೆ ವಿದ್ಯುತ್ ಕಂಬ, ರಸ್ತೆ ಕೇಳಿದರೆ ಅರಣ್ಯ ಕಾಯ್ದೆ ಅಡ್ಡಬರುತ್ತದೆ. ಕಾಡು ಬಿಟ್ಟು ಹೊರಡುವುದಾದರೆ ಕುಟುಂಬಕ್ಕೆ 15 ಲಕ್ಷ ರೂಪಾಯಿ ಎಂಬ ಯೋಜನೆಯಿದೆ. ‘ಸ್ವಯಂಪ್ರೇರಿತ ಸ್ಥಳಾಂತರ’ ಎಂದು ಅದರ ಹೆಸರು. ರಸ್ತೆ, ಶಾಲೆ, ದೀಪ ಕೊಡದೆ ಕಾಯಿಸಿ ಕೊನೆಗೆ ಹಣ ತೋರಿಸಿದಾಗ ಹುಟ್ಟುವ ಪ್ರೇರಣೆ ಎಷ್ಟು ಸ್ವಯಂ ಎಂಬುದನ್ನು ಓದುಗರೇ ತೂಗಲಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕರ್ನಾಟಕದಲ್ಲಿ ಸಲ್ಲಿಕೆಯಾದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾಗಿವೆ. ಅಜ್ಜನ ಕಾಲದ ದಾಖಲೆಯಿಲ್ಲವೆಂಬುದು ಹಲವರಿಗೆ ಸಿಕ್ಕ ಉತ್ತರ.

ಇನ್ನೊಂದು ಬದಿಯಲ್ಲಿ 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಂದ ತಿದ್ದುಪಡಿಯನ್ನು ನೋಡಬೇಕು. ಕಾರ್ಯಯೋಜನೆಯಲ್ಲಿ ಸೇರಿಸಲಾದ ಪರಿಸರ ಪ್ರವಾಸೋದ್ಯಮದ ಸೌಲಭ್ಯಗಳು ಇನ್ನು ಮುಂದೆ ‘ಅರಣ್ಯೇತರ ಉದ್ದೇಶ’ ಅಲ್ಲವೆಂದು ಅದು ಸಾರಿತು. ಅರ್ಥ ಸರಳವಾಗಿದೆ: ಕುಣಬಿಯ ಗೆಡ್ಡೆ-ಗೆಣಸಿನ ಹಕ್ಕಲು ಕಾಡಿಗೆ ವಿರುದ್ಧ, ಪ್ರವಾಸಿಗನ ಕುಟೀರ ಕಾಡಿಗೆ ಪೂರಕ. ಒಂದೇ ಕಾಡಿಗೆ ಎರಡು ಬಾಗಿಲು. ಹುಟ್ಟಿ ಬೆಳೆದವನಿಗೆ ಹೊರಹೋಗುವ ಬಾಗಿಲು, ಹಣ ಕೊಟ್ಟವನಿಗೆ ಒಳಬರುವ ಬಾಗಿಲು. ಕಾಡು ಉಳಿಸಬೇಕೆನ್ನುವವರು ಮೊದಲು ವಿರೋಧಿಸಬೇಕಾದದ್ದು ಈ ಇಬ್ಬಂದಿ ನೀತಿಯನ್ನು.

ಉದ್ಯೋಗವೆಂಬ ಉತ್ತರ

ಇಷ್ಟು ಹೇಳಿದ ಕೂಡಲೇ ಬರುವ ಪ್ರಶ್ನೆಯೊಂದಿದೆ: ಅಡಿಕೆಗೆ ರೋಗ ಬಂದು, ಭತ್ತ ಕೈಬಿಟ್ಟು, ಮಕ್ಕಳು ನಗರಕ್ಕೆ ಹೊರಟಿರುವಾಗ ಪ್ರವಾಸಿಗನೂ ಬೇಡವೆಂದರೆ ಊರು ಉಣ್ಣುವುದೇನನ್ನು? ಪ್ರಶ್ನೆ ನ್ಯಾಯವಾದದ್ದು. ತನ್ನ ಮನೆಯ ಎರಡು ಕೋಣೆಗಳಲ್ಲಿ ಅತಿಥಿಗಳನ್ನಿರಿಸಿ, ತಂಬುಳಿ-ಅನ್ನ ಬಡಿಸಿ, ತನ್ನದೇ ತೋಟ ತೋರಿಸುವ ಕೃಷಿಕ ಕುಟುಂಬದ ಮೇಲೆ ಯಾರಿಗೂ ದೂರಿಲ್ಲ. ಊರಿನ ಹುಡುಗನೊಬ್ಬ ಕಾಡಿನ ದಾರಿ ತೋರಿಸಿ, ಮರಗಳ ಹೆಸರು ಹೇಳಿ ಸಂಬಳ ಪಡೆದರೆ ಅದು ಅಭಿಮಾನದ ಸಂಗತಿ. ಬೇಸಿಗೆಯ ನಿಸರ್ಗ ಶಿಬಿರಕ್ಕೆ ಬಂದು ಕತ್ತಲೆಕಾನಿನ ರಾಂಪತ್ರೆ ಜಡ್ಡಿಯ ಮುಂದೆ ಮಾತಿಲ್ಲದೆ ನಿಂತ ವಿದ್ಯಾರ್ಥಿ ನಾಳೆ ಆ ಜಡ್ಡಿಯ ಪರವಾಗಿ ದನಿಯೆತ್ತಿಯಾನು.

ಆದರೆ ಐದು ದಿನಗಳ ಪ್ರವಾಸದ ಹಣ ಹರಿಯುವ ದಾರಿ ಬೇರೆ. ಮುಂಗಡ ಪಾವತಿಯಾಗುವುದು ನಗರದಲ್ಲಿ. ಬಸ್ಸು ನಗರದ್ದು, ಮಾರ್ಗದರ್ಶಕ ನಗರದವನು, ನೀರಿನ ಬಾಟಲಿಯೂ ನಗರದಿಂದ ಪೆಟ್ಟಿಗೆಯಲ್ಲಿ ಬಂದದ್ದು. ಊರಿಗೆ ಸಿಗುವುದು ಪಾತ್ರೆ ತೊಳೆಯುವ, ರೆಸಾರ್ಟಿನ ಗೇಟು ಕಾಯುವ ಕೆಲಸ. ಒಂದು ದಶಕದ ಹಿಂದೆ ಭೂಮಿಯ ಒಡೆಯನಾಗಿದ್ದವನು ಅದೇ ಭೂಮಿಯ ಗೇಟಿನಲ್ಲಿ ಸಮವಸ್ತ್ರ ತೊಟ್ಟು ನಿಲ್ಲುವುದನ್ನು ಉದ್ಯೋಗ ಸೃಷ್ಟಿಯ ಅಂಕಿ-ಅಂಶದಲ್ಲಿ ಸೇರಿಸಬಹುದು. ಊರಿನ ಏಳಿಗೆಯ ಲೆಕ್ಕದಲ್ಲಿ ಸೇರಿಸಲಾಗದು. ಬಾಟಲಿ ಹಿಂದಿರುಗಿ ಹೋಗುವುದಿಲ್ಲ. ಅದನ್ನು ಹೆಕ್ಕುವ ಖರ್ಚು ಗ್ರಾಮ ಪಂಚಾಯತಿಯದು, ಎಂದರೆ ತೆರಿಗೆ ಕೊಡುವ ಹಳ್ಳಿಗನದು.

ಮಿತಿ ಹಾಕಲು ಸಾಧ್ಯವಿದೆ

ಪ್ರವಾಸಿಗರಿಗೆ ಮಿತಿ ಹಾಕುವುದು ಆಗದ ಮಾತೆಂದು ಅಧಿಕಾರಿಗಳು ಹೇಳಿದರೆ ನಂಬಬೇಕಾಗಿಲ್ಲ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ನುಗ್ಗಿದರು. ಆ ಚಿತ್ರಗಳು ನಾಡಿನೆಲ್ಲೆಡೆ ಹರಡಿದ ಮೇಲೆ ಸರ್ಕಾರ ಆನ್‌ಲೈನ್ ನೋಂದಣಿಯಿಲ್ಲದ ಚಾರಣಪಥಗಳನ್ನು ಮುಚ್ಚಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮತ್ತೆ ತೆರೆಯುವಾಗ ಒಂದು ಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿ ಬಂತು. ನೆರೆಯ ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿನಿಂದ ನೀಲಗಿರಿ, ಕೊಡೈಕನಾಲುಗಳಿಗೆ ಇ-ಪಾಸ್ ಜಾರಿಗೆ ಬಂತು. 2025ರ ಬೇಸಿಗೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ವಿಧಿಸಲಾಯಿತು. ಆ ಸಂಖ್ಯೆಗಳು ಸರಿಯೇ, ಹೆಚ್ಚೇ ಎಂಬ ಚರ್ಚೆ ಬೇರೆ. ಸಂಖ್ಯೆಯೊಂದನ್ನು ನಿಗದಿ ಮಾಡಬಹುದೆಂಬುದಂತೂ ಸಿದ್ಧವಾಯಿತು.

ಆದರೆ ಈ ಎರಡೂ ಕಡೆ ಸಂಖ್ಯೆಯನ್ನು ನಿರ್ಧರಿಸಿದ್ದು ಮೇಲಿನಿಂದ. ಬಾವಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಎಷ್ಟು ನೀರಿರುತ್ತದೆ, ಯಾವ ಹಳ್ಳದಲ್ಲಿ ಯಾವಾಗ ಮೀನು ಮರಿ ಮಾಡುತ್ತದೆ, ಯಾವ ಕಾನಿನಲ್ಲಿ ಈ ವರ್ಷ ಮಂಗ ಸತ್ತಿದೆ ಎಂಬುದು ರಾಜಧಾನಿಯ ಕಚೇರಿಗೆ ತಿಳಿಯದು. ಅದು ಗ್ರಾಮಸಭೆಗೆ ತಿಳಿದಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಬಹಳಷ್ಟು ಕಡೆ ಅದು ಕಪಾಟಿನ ಕಡತವಾಗಿ ಉಳಿದಿದೆ. ಆ ಕಡತವನ್ನು ತೆರೆದು ಮೇಜಿನ ಮೇಲಿಡುವ ಕಾಲ ಇದು.

ಆದುದರಿಂದ ಕರಾವಳಿ ಮತ್ತು ಮಲೆನಾಡಿನ ಗ್ರಾಮಸಭೆಗಳು ಈ ಬೇಡಿಕೆಗಳನ್ನು ನಿರ್ಣಯ ರೂಪದಲ್ಲಿ ಅಂಗೀಕರಿಸಬೇಕು.

ಒಂದು: ಡೇರೆ ವಾಸ, ಚಾರಣ, ಜಲಕ್ರೀಡೆಗಳಿಗೆ ಅನುಮತಿ ನೀಡುವ ಮುನ್ನ ಆಯಾ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಬೇಕು. ದಿನದ ಮಿತಿಯನ್ನೂ ವರ್ಷದಲ್ಲಿ ಮುಚ್ಚಿಡುವ ತಿಂಗಳುಗಳನ್ನೂ ಅದೇ ಸಭೆ ನಿರ್ಧರಿಸಬೇಕು.

ಎರಡು: ಪ್ರತಿ ತಂಡದಿಂದ ಮುಂಗಡ ಠೇವಣಿ ಪಡೆಯಬೇಕು, ತಂದ ಪ್ಲಾಸ್ಟಿಕ್ಕನ್ನು ಮರಳಿ ಒಯ್ದ ಮೇಲಷ್ಟೇ ಅದನ್ನು ಹಿಂದಿರುಗಿಸಬೇಕು.

ಮೂರು: ಮಂಗನಕಾಯಿಲೆಯ ಎಚ್ಚರಿಕೆ ಇಲ್ಲದ ಯಾವ ಕರಪತ್ರಕ್ಕೂ ಶಿವಮೊಗ್ಗ, ಉತ್ತರ ಕನ್ನಡದ ಕಾಡಿನಲ್ಲಿ ಪರವಾನಗಿ ಸಿಗಬಾರದು. ಮಂಗ ಸತ್ತ ಪ್ರದೇಶ ಆ ಋತುವಿಗೆ ಮುಚ್ಚಿರಬೇಕು.

ನಾಲ್ಕು: ಕಡಲಾಮೆ ಬರುವ ತೀರಗಳಲ್ಲಿ ಆ ತಿಂಗಳುಗಳ ರಾತ್ರಿ ದೀಪಗಳು ಆರಬೇಕು. ಜೀವರಕ್ಷಕರಾಗಿ ಸ್ಥಳೀಯ ಮೀನುಗಾರ ಯುವಕರನ್ನು ಸಂಬಳ ಮತ್ತು ವಿಮೆಯೊಂದಿಗೆ ನೇಮಿಸಬೇಕು. ಖರ್ಚನ್ನು ಪ್ರವಾಸ ಸಂಸ್ಥೆಗಳು ಭರಿಸಬೇಕು.

ಐದು: ಅರಣ್ಯ ಹಕ್ಕಿನ ಅರ್ಜಿಗಳು ಇತ್ಯರ್ಥವಾಗದ ಕಾಡಿನಲ್ಲಿ ಪ್ರವಾಸಿ ಕುಟೀರಕ್ಕೆ ಒಂದು ಗುಂಟೆಯನ್ನೂ ಕೊಡಬಾರದು.

ಈ ಐದರಲ್ಲಿ ಯಾವುದೂ ಪ್ರವಾಸಿಗನನ್ನು ಅಟ್ಟುವುದಿಲ್ಲ. ಬರುವವನು ಊರಿನ ನಿಯಮಕ್ಕೆ ತಲೆಬಾಗಿ ಬರಲಿ ಎನ್ನುತ್ತವೆ, ಅಷ್ಟೆ. ಮಲೆನಾಡಿನ ಮನೆಗಳಲ್ಲಿ ಅತಿಥಿಗೆ ಮೊದಲು ಕಾಲಿಗೆ ನೀರು ಕೊಡುವ ಪದ್ಧತಿಯಿದೆ. ಅತಿಥಿ ಕಾಲು ತೊಳೆದೇ ಒಳಗೆ ಬರಬೇಕೆಂಬುದೂ ಅದೇ ಪದ್ಧತಿಯ ಭಾಗ. ಬರುವ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸುವಂತೆ ಪ್ರತಿ ಊರಿನಿಂದ ಹತ್ತು ಜನ ಪಂಚಾಯತಿಗೆ ಲಿಖಿತವಾಗಿ ಕೇಳಲಿ. ವಿದ್ಯಾರ್ಥಿಗಳು ತಮ್ಮ ಊರಿನ ದಾರಿಯಲ್ಲಿ ಒಂದು ವಾರಾಂತ್ಯ ಕುಳಿತು ಬಂದ ಬಸ್ಸುಗಳನ್ನು, ಬಿಟ್ಟುಹೋದ ಬಾಟಲಿಗಳನ್ನು ಎಣಿಸಿ ಬರೆದಿಡಲಿ. ಆ ಬರಹವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದ ದಿನ ಕರಪತ್ರದಲ್ಲಿ ಬಿಟ್ಟುಹೋದ ಸಾಲು ಊರಿನ ಕೈಯಲ್ಲೇ ಬರೆದಾಗಿರುತ್ತದೆ.